ಕೃಪಾಂಕ ನ್ಯಾಯ

ಕಾಲೇಜುಗಳಲ್ಲಿ ಆಂತರಿಕ ಪರೀಕ್ಷೆಯ ಅಂಕಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ ದಿನ ಅಧ್ಯಾಪಕರ ಕೊಠಡಿಯ ಮುಂದೆ ನೆರೆಯುವ ಗುಂಪನ್ನು ಕಂಡವರಿಗೆ, ನಮ್ಮ ದೇಶದಲ್ಲಿ ತರ್ಕಶಾಸ್ತ್ರ ಅಳಿದುಹೋಯಿತೆಂದು ಕೊರಗುವ ಪಂಡಿತರ ಮಾತಿನಲ್ಲಿ ನಂಬಿಕೆ ಹುಟ್ಟುವುದು ಕಷ್ಟ. ಅಲ್ಲಿ ಪೂರ್ವಪಕ್ಷವಿದೆ, ಸಿದ್ಧಾಂತವಿದೆ, ದೃಷ್ಟಾಂತಗಳಿವೆ. ಆಗಾಗ ಕಣ್ಣೀರೂ ಇದೆ. ವರ್ಷವಿಡೀ ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವ್ರತ ಹಿಡಿದು ಕುಳಿತಿದ್ದ ಹುಡುಗ, ಇಪ್ಪತ್ತಕ್ಕೆ ಹನ್ನೊಂದು ಬಂದಿದೆಯೆಂದು ತಿಳಿದ ಕ್ಷಣದಲ್ಲಿ ವಾಗ್ಮಿಯಾಗುತ್ತಾನೆ.

“ಸಾರ್, ಮೂರು ರಾತ್ರಿ ನಿದ್ದೆಗೆಟ್ಟು ಓದಿದ್ದೇನೆ.”

“ಸಾರ್, ಪಕ್ಕದವನೂ ಎರಡೇ ಪುಟ ಬರೆದದ್ದು, ನಾನೂ ಎರಡೇ ಪುಟ ಬರೆದದ್ದು. ಅವನಿಗೆ ಹದಿನಾಲ್ಕು ಬಂದಿದೆ.”

“ಸಾರ್, ಈ ಎರಡು ಅಂಕ ಬಾರದಿದ್ದರೆ ನನ್ನ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಮನೆಯಲ್ಲಿ ತಂದೆಗೆ ಕಾಯಿಲೆ.”

ಮಾತಿನ ಧಾಟಿ ಊರಿಂದೂರಿಗೆ ಬದಲಾಗಬಹುದು. ವಾದದ ಒಡಲು ಒಂದೇ. ಬೆಂಗಳೂರಿನ ವಿದ್ಯಾರ್ಥಿ ಹೇಳುವುದನ್ನೇ ಬೋಸ್ಟನ್ನಿನ ವಿದ್ಯಾರ್ಥಿಯೂ ಹೇಳುತ್ತಾನೆ. ಅಷ್ಟೇ ಅಲ್ಲ, ಇವನು ಹೇಳಬಹುದಾದ ಪ್ರತಿಯೊಂದು ಮಾತಿಗೂ ಸಾವಿರದ ಐನೂರು ವರ್ಷಗಳಿಗಿಂತ ಹಿಂದೆಯೇ ನಮ್ಮ ನೈಯಾಯಿಕರು ಒಂದೊಂದು ಹೆಸರಿಟ್ಟು, ಲಕ್ಷಣ ಹೇಳಿ, ಉದಾಹರಣೆ ಕೊಟ್ಟು ಮುಗಿಸಿದ್ದಾರೆ. ಪಾಪ, ಅಂಕಕ್ಕಾಗಿ ವಾದಿಸುವ ಹುಡುಗನಿಗೆ ತಾನು ಇಷ್ಟು ಪುರಾತನವಾದ ಸಂಪ್ರದಾಯವೊಂದನ್ನು ಮುಂದುವರಿಸುತ್ತಿದ್ದೇನೆಂಬ ಅರಿವು ಇರುವುದಿಲ್ಲ.

ಅಕ್ಷಪಾದ ಗೌತಮನ ಹೆಸರಿನಲ್ಲಿ ಬಂದಿರುವ ನ್ಯಾಯಸೂತ್ರಗಳ ಮೊದಲ ಸೂತ್ರದಲ್ಲಿಯೇ ಹದಿನಾರು ಪದಾರ್ಥಗಳನ್ನು ಎಣಿಸಿದೆ. ಅವುಗಳಲ್ಲಿ ಕೊನೆಯ ಏಳು—ವಾದ, ಜಲ್ಪ, ವಿತಂಡೆ, ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನ—ಮನುಷ್ಯರು ಮಾತಿನಲ್ಲಿ ಹೇಗೆ ಸೇರುತ್ತಾರೆ, ಹೇಗೆ ಸೆಣಸುತ್ತಾರೆ, ಹೇಗೆ ಸೋಲುತ್ತಾರೆ ಎಂಬುದಕ್ಕೆ ಮೀಸಲು. ಸತ್ಯವನ್ನು ತಿಳಿಯಬೇಕೆಂಬ ಬಯಕೆಯಿಂದ ನಡೆಸುವ ಮಾತುಕತೆ ವಾದ. ಗೆಲ್ಲಬೇಕೆಂಬ ಬಯಕೆಯಿಂದ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಕೆಡಹುವುದಕ್ಕಾಗಿಯೇ ನಡೆಸುವುದು ವಿತಂಡೆ. ಗುರು, ಶಿಷ್ಯ, ಸಹಪಾಠಿ ಇವರೊಡನೆ ನಡೆಸಬೇಕಾದದ್ದು ವಾದವೆಂದು ಸೂತ್ರಕಾರನು ಸ್ಪಷ್ಟವಾಗಿ ಹೇಳಿದ್ದಾನೆ. ಜಲ್ಪ ವಿತಂಡೆಗಳನ್ನು ಅವನು ಪೂರ್ತಿಯಾಗಿ ತಳ್ಳಿಹಾಕಿಲ್ಲವೆನ್ನುವುದೂ ಗಮನಿಸಬೇಕಾದ ಸಂಗತಿ. ಎಳೆಯ ಮೊಳಕೆಯ ಸುತ್ತ ಮುಳ್ಳಿನ ಕೊಂಬೆಗಳನ್ನು ಹಾಕುವಂತೆ, ತಿಳಿದ ಸತ್ಯವನ್ನು ಕಾಪಾಡಿಕೊಳ್ಳಲು ಅವೂ ಬೇಕಾಗಬಹುದಂತೆ. ಅಂಕಪಟ್ಟಿಯ ಮುಂದೆ ನಡೆಯುವ ಚರ್ಚೆಯಲ್ಲಿ ಬೇಲಿಯ ಮುಳ್ಳು ಯಥೇಚ್ಛವಾಗಿರುತ್ತದೆ. ಒಳಗೆ ಮೊಳಕೆ ಇದೆಯೇ ಇಲ್ಲವೇ ಎಂಬುದೇ ಪ್ರಶ್ನೆ.

ಹೇತ್ವಾಭಾಸವೆಂದರೆ ಹೇತುವಿನಂತೆ ತೋರುವ, ಆದರೆ ಹೇತುವಲ್ಲದ ಕಾರಣ. ಗೌತಮನು ಇವನ್ನು ಐದು ಎಂದು ಎಣಿಸಿದ್ದಾನೆ. ಮೊದಲನೆಯದು ಸವ್ಯಭಿಚಾರ: ಸಾಧಿಸಬೇಕಾದುದು ಇರುವ ಕಡೆಯೂ ಇರುವ, ಇಲ್ಲದ ಕಡೆಯೂ ಇರುವ ಹೇತು. ಮೂರು ರಾತ್ರಿ ನಿದ್ದೆಗೆಟ್ಟ ವಿದ್ಯಾರ್ಥಿಯ ವಾದ ಇದರ ಅಚ್ಚುಕಟ್ಟಾದ ಉದಾಹರಣೆ. ನಿದ್ದೆಗೆಟ್ಟು ಓದಿ ಪ್ರಥಮ ದರ್ಜೆ ಪಡೆದವರಿದ್ದಾರೆ. ನಿದ್ದೆಗೆಟ್ಟು ಓದಿ ನಪಾಸಾದವರೂ ಇದ್ದಾರೆ. ಹತ್ತು ಗಂಟೆಗೆ ದೀಪ ಆರಿಸಿ ಸುಖವಾಗಿ ಮಲಗಿ ಪ್ರಥಮ ಸ್ಥಾನ ಪಡೆದ ಪುಣ್ಯವಂತರೂ ಇಲ್ಲದಿಲ್ಲ. ನಿದ್ದೆಗೂ ಅಂಕಕ್ಕೂ ವ್ಯಾಪ್ತಿ ಇಲ್ಲ. ದುಡಿಮೆಗೆ ತಕ್ಕ ಕೂಲಿ ಬರಬೇಕೆಂಬುದು ಹೊಲದಲ್ಲಿ, ಕಾರ್ಖಾನೆಯಲ್ಲಿ ಸರಿಯಾದ ಮಾತು. ಪರೀಕ್ಷೆಯ ಅಂಕ ಕೂಲಿಯಲ್ಲ, ಅಳತೆ. ನೀರಿನ ಬಿಸಿಯನ್ನು ಅಳೆಯುವಾಗ ಒಲೆಗೆ ಎಷ್ಟು ಸೌದೆ ಹಾಕಿದೆವೆಂದು ಉಷ್ಣಮಾಪಕಕ್ಕೆ ಹೇಳಿ ಪ್ರಯೋಜನವಿಲ್ಲ.

ಈ ಭ್ರಮೆ ಎಷ್ಟು ಬಲವಾದದ್ದೆಂದು ಅಮೆರಿಕದಲ್ಲಿ ಅಳೆದು ನೋಡಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಇರ್ವೈನ್ ಕೇಂದ್ರದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನ, ಹೆಚ್ಚಿನ ತರಗತಿಗಳಿಗೆ ಬಂದು ಕುಳಿತದ್ದಕ್ಕೇ ತಮಗೆ ‘ಬಿ’ ದರ್ಜೆ ಸಲ್ಲಬೇಕೆಂದು ಒಪ್ಪಿದ್ದರು. ತಾನು ಬಹಳ ಶ್ರಮಪಡುತ್ತಿದ್ದೇನೆಂದು ವಿವರಿಸಿ ಹೇಳಿದರೆ ಅಧ್ಯಾಪಕರು ದರ್ಜೆ ಕೊಡುವಾಗ ಅದನ್ನು ಪರಿಗಣಿಸಬೇಕೆಂದವರು ಸುಮಾರು ಮೂರರಲ್ಲಿ ಎರಡು ಪಾಲು. ಇಂಥ ಕೇಳಿಕೆಗಳಿಗೆ ಮಣಿದು ಮಣಿದು ದರ್ಜೆಗಳು ಬೆಲೆಯೇರಿದ ನೋಟುಗಳಂತೆ ಸತ್ವ ಕಳೆದುಕೊಳ್ಳುತ್ತಿವೆಯೆಂಬ ದೂರು ಅಲ್ಲಿ ಹಳೆಯದು. ಹಾರ್ವರ್ಡಿನ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಹಾರ್ವೆ ಮ್ಯಾನ್ಸ್‌ಫೀಲ್ಡರು 2001ರಲ್ಲಿ ಒಂದು ವಿನೋದವಾದ ಉಪಾಯ ಹೂಡಿದರು. ಪ್ರತಿಯೊಬ್ಬ ವಿದ್ಯಾರ್ಥಿಗೂ ಎರಡು ದರ್ಜೆ: ಒಂದು, ಎಲ್ಲ ಅಧ್ಯಾಪಕರೂ ಕೊಡುವಂತೆ ಧಾರಾಳವಾಗಿ ಕೊಟ್ಟು ಕಛೇರಿಗೆ ಕಳುಹಿಸುವಂಥದು, ಇನ್ನೊಂದು, ವಿದ್ಯಾರ್ಥಿಗೆ ಖಾಸಗಿಯಾಗಿ ತಿಳಿಸುವ, ಅವನಿಗೆ ನಿಜವಾಗಿ ಸಲ್ಲಬೇಕಾದದ್ದು. ಸುಳ್ಳನ್ನು ದಾಖಲೆಗೂ ನಿಜವನ್ನು ಕಿವಿಗೂ ಹಂಚಿದ ಈ ಏರ್ಪಾಟಿನಲ್ಲಿ ವ್ಯಂಗ್ಯ ಯಾರ ಮೇಲೆಂದು ಹೇಳುವುದು ಕಷ್ಟ.

ಗೌತಮನ ಎರಡನೆಯ ಆಭಾಸವಾದ ವಿರುದ್ಧಹೇತುವೆಂದರೆ, ಹೇಳಹೊರಟದ್ದಕ್ಕೆ ತದ್ವಿರುದ್ಧವಾದುದನ್ನೇ ಸಾಧಿಸಿಕೊಡುವ ಕಾರಣ. “ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ ಸಾರ್, ಆದ್ದರಿಂದ ಉತ್ತರಕ್ಕೆ ಅಂಕ ಕೊಡಿ” ಎನ್ನುವವನು ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಾನೆ. ಸಾಧ್ಯಸಮವೆಂಬುದರಲ್ಲಿ, ಸಾಧಿಸಬೇಕಾದ ವಿಷಯಕ್ಕೆ ಎಷ್ಟು ಆಧಾರ ಬೇಕೋ ಹೇತುವಿಗೂ ಅಷ್ಟೇ ಆಧಾರ ಬೇಕಾಗಿರುತ್ತದೆ. “ನಾನು ಪ್ರಥಮ ದರ್ಜೆಯ ವಿದ್ಯಾರ್ಥಿ, ಆದ್ದರಿಂದ ನನಗೆ ಪ್ರಥಮ ದರ್ಜೆ ಬರಬೇಕಾಗಿತ್ತು”—ತಾಯಂದಿರು ಅಧ್ಯಾಪಕರಲ್ಲಿಗೆ ಬಂದಾಗ ಈ ವಾದ ವಿಶೇಷವಾಗಿ ಕೇಳಿಬರುತ್ತದೆ. ಪ್ರಕರಣಸಮವೆಂಬುದು ಇನ್ನೂ ನವುರಾದದ್ದು. ನಿರ್ಣಯವಾಗದೆ ಇರುವ ಸಂಶಯವನ್ನೇ ನಿರ್ಣಯಕ್ಕೆ ಕಾರಣವೆಂದು ಒಡ್ಡುವುದು ಅದರ ಬಗೆ: “ನನ್ನ ಉತ್ತರ ತಪ್ಪೆಂದು ನೀವು ಎಲ್ಲಿಯೂ ಗುರುತು ಹಾಕಿಲ್ಲ, ಆದ್ದರಿಂದ ಅದು ಸರಿ.” ಇದಕ್ಕೆ ಬಹಳ ಹತ್ತಿರದ ಆಭಾಸವೊಂದನ್ನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕನು 1690ರಲ್ಲಿ ಪ್ರಕಟವಾದ ತನ್ನ ಮಹಾಪ್ರಬಂಧದಲ್ಲಿ ಅಜ್ಞಾನವನ್ನಾಶ್ರಯಿಸಿದ ವಾದವೆಂದು ಹೆಸರಿಸಿದ. ಐದನೆಯದು ಕಾಲಾತೀತ. ಶಾಸ್ತ್ರದಲ್ಲಿ ಅದರ ಅರ್ಥ ಸೂಕ್ಷ್ಮವಾದದ್ದು. ಆದರೆ ಫಲಿತಾಂಶ ಬಂದ ಮೂರನೆಯ ದಿನ, ಪರೀಕ್ಷೆಯ ದಿನದಲ್ಲಿ ಜ್ವರವಿತ್ತೆಂಬ ವೈದ್ಯರ ಪ್ರಮಾಣಪತ್ರವನ್ನು ಜೇಬಿನಿಂದ ತೆಗೆಯುವ ವಿದ್ಯಾರ್ಥಿಯನ್ನು ಕಂಡಿದ್ದರೆ ಭಾಷ್ಯಕಾರ ವಾತ್ಸ್ಯಾಯನನು ಈ ಹೆಸರನ್ನು ಅವನಿಗೂ ಧಾರಾಳವಾಗಿ ಬಿಟ್ಟುಕೊಡುತ್ತಿದ್ದನೇನೋ.

ಛಲದ ಪ್ರಯೋಗ ಮಾಡುವವರು ಬುದ್ಧಿವಂತ ವಿದ್ಯಾರ್ಥಿಗಳು. ಎದುರಾಳಿಯ ಮಾತಿಗೆ ಅವನು ಉದ್ದೇಶಿಸದ ಅರ್ಥ ಹಚ್ಚಿ ಗೆಲ್ಲಲೆಳಸುವುದೇ ಛಲ. ಇದಕ್ಕೆ ಹಳಬರು ಕೊಡುವ ಉದಾಹರಣೆ ಪ್ರಸಿದ್ಧ: ಈತ ನವಕಂಬಳವುಳ್ಳವನು ಎಂದೊಬ್ಬ ಹೇಳಿದರೆ, ಅವನ ಮೈಮೇಲಿರುವುದು ಒಂದೇ ಕಂಬಳಿ, ಒಂಬತ್ತೆಲ್ಲಿ ಬಂತು ಎಂದು ಮತ್ತೊಬ್ಬ ಕೇಳುತ್ತಾನೆ. ಹೊಸದು ಎಂಬ ಅರ್ಥದ ನವವೂ ಒಂಬತ್ತು ಎಂಬ ಅರ್ಥದ ನವವೂ ಕನ್ನಡಕ್ಕೂ ಬಂದಿರುವುದರಿಂದ ಈ ಕಂಬಳಿ ನಮ್ಮಲ್ಲಿ ಇನ್ನೂ ಹರಿದಿಲ್ಲ. ಪ್ರಶ್ನಪತ್ರಿಕೆಯಲ್ಲಿ ‘ವಚನ ಸಾಹಿತ್ಯದ ಬಗ್ಗೆ ನಿಮಗೆ ತಿಳಿದುದನ್ನು ಬರೆಯಿರಿ’ ಎಂದು ಅಚ್ಚಾಗಿರುತ್ತದೆ. ನಾಲ್ಕೇ ಸಾಲು ಬರೆದ ಹುಡುಗ ಕೇಳುತ್ತಾನೆ: “ನನಗೆ ತಿಳಿದುದನ್ನು ಬರೆಯಬೇಕೆಂದು ತಾನೆ ಕೇಳಿದ್ದು? ನನಗೆ ತಿಳಿದದ್ದು ಅಷ್ಟೇ. ಅಷ್ಟನ್ನೂ ಬಿಡದೆ ಬರೆದಿದ್ದೇನೆ. ಹತ್ತಕ್ಕೆ ಹತ್ತು ಕೊಡಬೇಡವೇ?” ಅಂಕ ಕೊಡುವ ಹಾಗಿಲ್ಲ, ಆದರೆ ಇಂಥ ಹುಡುಗನನ್ನು ಗದರಿಸುವುದಕ್ಕೂ ಮನಸ್ಸು ಬರುವುದಿಲ್ಲ.

ಜಾತಿಯೆಂಬ ಪದ ಇಲ್ಲಿ ಕುಲಗೋತ್ರಗಳಿಗೆ ಸಂಬಂಧಿಸಿದ್ದಲ್ಲ. ಬರಿಯ ಹೋಲಿಕೆ ಅಥವಾ ಬರಿಯ ವ್ಯತ್ಯಾಸವನ್ನು ಹಿಡಿದು ಎತ್ತುವ ಹುಸಿ ಆಕ್ಷೇಪಕ್ಕೆ ನ್ಯಾಯಶಾಸ್ತ್ರದಲ್ಲಿ ಆ ಹೆಸರು. ಇಂಥವು ಇಪ್ಪತ್ತನಾಲ್ಕು. ಅವುಗಳಲ್ಲಿ ಮೊದಲನೆಯದಾದ ಸಾಧರ್ಮ್ಯಸಮವೇ ಪಕ್ಕದ ಬೆಂಚಿನವನ ಎರಡು ಪುಟದ ವಾದ. ಪುಟದ ಲೆಕ್ಕದಲ್ಲಿ ಎರಡು ಉತ್ತರಗಳೂ ಸಮ. ಆ ಲೆಕ್ಕದಲ್ಲಿ ರೇಷನ್ ಅಂಗಡಿಯ ಪಟ್ಟಿಯೂ ಸಮವೇ.

ಇಷ್ಟೆಲ್ಲ ಆಭಾಸಗಳ ನಡುವೆ ಅಧ್ಯಾಪಕನನ್ನು ನಿಜವಾಗಿ ಅಲುಗಿಸುವುದು ಒಂದೇ: ಕಣ್ಣೀರು. ಅನುಕಂಪವನ್ನೇ ಪ್ರಮಾಣವಾಗಿ ಒಡ್ಡುವ ಈ ವಾದಕ್ಕೆ ಪಾಶ್ಚಾತ್ಯ ತರ್ಕಗ್ರಂಥಗಳಲ್ಲಿ ಒಂದು ಲ್ಯಾಟಿನ್ ಹೆಸರಿದೆ. ಅದರ ಬಗ್ಗೆ ಕ್ರಿ. ಪೂ. 399ರಲ್ಲಿ ಅಥೆನ್ಸಿನ ನ್ಯಾಯಸಭೆಯ ಮುಂದೆ ನಿಂತಿದ್ದ ಸಾಕ್ರಟೀಸನು ಆಡಿದನೆಂದು ಪ್ಲೇಟೋ ಬರೆದಿಟ್ಟ ಮಾತು ಸ್ಮರಣೀಯವಾದದ್ದು. ತನಗೂ ಮೂವರು ಗಂಡುಮಕ್ಕಳಿದ್ದಾರೆ, ಇತರ ಆಪಾದಿತರು ಮಾಡುವಂತೆ ಅವರನ್ನು ಇಲ್ಲಿಗೆ ಕರೆತಂದು ಅಳಿಸಿ ತಾನು ಬಿಡುಗಡೆಯನ್ನು ಬೇಡುವುದಿಲ್ಲ ಎಂದು ಅವನು ಹೇಳಿದ. ನ್ಯಾಯಾಧಿಪತಿ ಕುಳಿತಿರುವುದು ನ್ಯಾಯವನ್ನು ದಾನ ಮಾಡುವುದಕ್ಕಲ್ಲ, ತೀರ್ಮಾನ ಮಾಡುವುದಕ್ಕೆ ಎಂಬುದು ಅವನ ಕಾರಣ. ಸಾಕ್ರಟೀಸನು ಮಕ್ಕಳನ್ನು ಕರೆತರಲಿಲ್ಲ. ನಮ್ಮ ವಿದ್ಯಾರ್ಥಿ ತಂದೆಯನ್ನು ಕರೆತರುತ್ತಾನೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದ ಆ ಮನುಷ್ಯ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು, ತನ್ನ ಮಗನಷ್ಟು ವಯಸ್ಸಿನ ಉಪನ್ಯಾಸಕನೆದುರು ನಿಂತು, “ಹೆಂಗಾದ್ರೂ ಮಾಡಿ ಪಾಸು ಮಾಡ್ಬಿಡಿ ಸ್ವಾಮಿ” ಎಂದಾಗ, ಗೌತಮ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿದವನ ಕಂಠವೂ ಕಟ್ಟುತ್ತದೆ. ಆ ತಂದೆಯ ಕಷ್ಟ ಸುಳ್ಳಲ್ಲ. ಮಗನ ವಿದ್ಯಾರ್ಥಿವೇತನ ನಿಂತರೆ ಆ ಮನೆಯ ಮಗಳ ಓದು ನಿಲ್ಲುವುದೂ ಸುಳ್ಳಲ್ಲ. ಸುಳ್ಳಾಗಿರುವುದು ಒಂದೇ: ಆ ಕಷ್ಟದಿಂದಾಗಿ ಮೂರನೆಯ ಪ್ರಶ್ನೆಯ ಉತ್ತರ ಸರಿಯಾಗುತ್ತದೆಂಬುದು.

ಇಲ್ಲಿ ಕಾಣದೆ ಉಳಿಯುವ ವ್ಯಕ್ತಿ ಇನ್ನೊಬ್ಬಳಿದ್ದಾಳೆ. ಅವಳಿಗೂ ಹನ್ನೊಂದೇ ಬಂದಿದೆ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಊರಿಗೆ ಬೇರೆ ಬಸ್ಸಿಲ್ಲದ್ದರಿಂದಲೋ, ಅಧ್ಯಾಪಕರ ಕೊಠಡಿಯೊಳಕ್ಕೆ ಕಾಲಿಡಲು ಸಂಕೋಚದಿಂದಲೋ, ಬಂದಷ್ಟೇ ತನ್ನ ಯೋಗ್ಯತೆಯೆಂಬ ನಂಬಿಕೆಯಿಂದಲೋ ಅವಳು ವಾದಿಸಲು ಬರುವುದಿಲ್ಲ. ಅವಳ ಮನೆಯಲ್ಲೂ ಕಾಯಿಲೆಯಿದೆ. ಆದರೆ ಅದು ಯಾರ ಕಿವಿಗೂ ಬಿದ್ದಿಲ್ಲ. ಬಂದವನಿಗೆ ದಯೆಯಿಂದ ಎರಡು ಅಂಕ ಸೇರಿದಾಗ, ಬಾರದವಳ ಅಂಕಪಟ್ಟಿಯಲ್ಲಿ ಒಂದಕ್ಷರವೂ ಬದಲಾಗದೆಯೇ ಅವಳು ಎರಡು ಅಂಕ ಹಿಂದೆ ಬೀಳುತ್ತಾಳೆ. ಮುಂದಿನ ವರ್ಷ ಸ್ನಾತಕೋತ್ತರ ತರಗತಿಯ ಸೀಟಿಗೆ ಇಬ್ಬರೂ ಅರ್ಜಿ ಹಾಕಿದಾಗ ಆ ಎರಡು ಅಂಕಗಳ ಚರಿತ್ರೆ ಯಾರಿಗೂ ನೆನಪಿರುವುದಿಲ್ಲ. ಅಧ್ಯಾಪಕನು ತನ್ನ ಜೇಬಿನಿಂದ ದಾನ ಮಾಡಿದೆನೆಂದು ತಿಳಿದಿರುತ್ತಾನೆ. ಕೊಟ್ಟದ್ದು ಮಾತ್ರ ಅವಳ ಗಂಟಿನಿಂದ.

ಕನ್ನಡದಲ್ಲಿ ಈ ದಯೆಗೆ ಒಂದು ಪ್ರಾಮಾಣಿಕವಾದ ಹೆಸರಿದೆ: ಕೃಪಾಂಕ. ಕೃಪೆಯಿಂದ ಬಂದದ್ದು, ಉತ್ತರದಿಂದ ಬಂದದ್ದಲ್ಲ ಎಂದು ಪದವೇ ಒಪ್ಪಿಕೊಳ್ಳುತ್ತದೆ. ವ್ಯಕ್ತಿಗಳಿಗಲ್ಲದೆ ಸಮೂಹಕ್ಕೂ ಕೃಪೆ ದೊರೆಯುವುದುಂಟು. 2024ರಲ್ಲಿ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಿತು. ಫಲಿತಾಂಶ ತೀವ್ರವಾಗಿ ಕುಸಿಯುವಂತಾದಾಗ ಕೃಪಾಂಕದ ಮಿತಿಯನ್ನು ಶೇಕಡ 10ರಿಂದ 20ಕ್ಕೆ ಏರಿಸಲಾಯಿತು. ಹಾಗೆ ಏರಿಸಿದ ಮೇಲೂ ತೇರ್ಗಡೆಯಾದವರು ಶೇಕಡ 73.40; ಅದರ ಹಿಂದಿನ ವರ್ಷ ಅದು 83.89 ಆಗಿತ್ತು. ಈ ಔದಾರ್ಯದ ಬಗ್ಗೆ ಟೀಕೆ ಬಂದು, ಮುಂದೆ ಇದನ್ನು ಮುಂದುವರಿಸುವುದಿಲ್ಲವೆಂದು ಸರ್ಕಾರ ಹೇಳಬೇಕಾಯಿತು. ಎಲ್ಲರಿಗೂ ಒಂದೇ ನಿಯಮದಂತೆ ಬಹಿರಂಗವಾಗಿ ಕೊಟ್ಟ ಕೃಪಾಂಕದ ಬಗ್ಗೆ ಏನೇ ಆಕ್ಷೇಪವಿರಲಿ, ಅದಕ್ಕೆ ಲೆಕ್ಕವಾದರೂ ಇದೆ. ಮುಚ್ಚಿದ ಬಾಗಿಲ ಹಿಂದೆ, ಚೆನ್ನಾಗಿ ಅಳಬಲ್ಲವನಿಗೆ ಸಿಕ್ಕ ಕೃಪಾಂಕಕ್ಕೆ ಅದೂ ಇಲ್ಲ.

ಕಣ್ಣೀರಿಗೆ ಬಗ್ಗದವರ ಬಳಿಗೆ ಶಿಫಾರಸು ಬರುತ್ತದೆ. ದೊಡ್ಡವರ ಹೆಸರಿಗೆ ಅಂಜಿ ಒಪ್ಪಿಕೊಳ್ಳುವಂತೆ ಮಾಡುವ ವಾದವನ್ನೂ ಲಾಕನು ಅದೇ ಗ್ರಂಥದಲ್ಲಿ ಗುರುತಿಸಿದ್ದಾನೆ. ಸಿಂಡಿಕೇಟಿನ ಸದಸ್ಯರು ಸೋದರಮಾವನಿಗೆ ಬೇಕಾದವರು ಎಂಬ ಮಾತು ಆ ಬಗೆಯದು. ಬೆದರಿಕೆಯ ವಾದ ಇದಕ್ಕಿಂತ ಒರಟು. ಹಿಂದೆ ಅದು ಸೈಕಲ್ಲಿನ ಗಾಳಿ ಬಿಡುವ ರೂಪದಲ್ಲಿ ಬರುತ್ತಿತ್ತು. ವಿದ್ಯಾರ್ಥಿಗಳು ಅಧ್ಯಾಪಕರನ್ನು ಕುರಿತು ಅಭಿಪ್ರಾಯಪತ್ರ ತುಂಬುವ ಪದ್ಧತಿ ಬಂದ ಮೇಲೆ ಅದು ಬಹಳ ಸಭ್ಯವಾಗಿದೆ: “ಮುಂದಿನ ವಾರ ಅಭಿಪ್ರಾಯಪತ್ರ ತುಂಬುವುದಿದೆಯಂತೆ, ಹೌದೇ ಸಾರ್?”

ಇಷ್ಟನ್ನು ಓದಿದ ಅಧ್ಯಾಪಕರು ಮೀಸೆ ತಿರುವಿಕೊಳ್ಳುವಂತಿಲ್ಲ. ನಿಗ್ರಹಸ್ಥಾನಗಳೆಂಬ ಇಪ್ಪತ್ತೆರಡು ಸೋಲಿನ ಗುರುತುಗಳಲ್ಲಿ ವಿಕ್ಷೇಪವೆಂಬುದೊಂದಿದೆ: ಉತ್ತರ ತೋಚದೆ, ಬೇರೆ ಕೆಲಸವಿದೆಯೆಂಬ ನೆವ ಹೂಡಿ ಮಾತನ್ನು ಅರ್ಧದಲ್ಲಿ ಮುರಿಯುವುದು. “ಈಗ ನನಗೆ ಮೀಟಿಂಗ್ ಇದೆ, ನಾಳೆ ಬಾ” ಎನ್ನುವ ಉಪನ್ಯಾಸಕನು ಶಾಸ್ತ್ರದ ಪ್ರಕಾರ ಆ ಕ್ಷಣವೇ ಸೋತುಹೋದ. “ಮೂವತ್ತು ವರ್ಷದಿಂದ ಪೇಪರು ತಿದ್ದುತ್ತಿದ್ದೇನೆ, ನನಗೆ ಹೇಳಿಕೊಡಲು ಬರುತ್ತೀಯಾ?” ಎಂಬುದು ಸವ್ಯಭಿಚಾರ, ಮೂವತ್ತು ವರ್ಷ ತಪ್ಪಾಗಿಯೂ ತಿದ್ದಬಹುದು. “ನಿನಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ” ಎಂಬುದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಉತ್ತರ. ಎಲ್ಲರ ಉತ್ತರವನ್ನೂ ತಪ್ಪಾಗಿ ಅಳೆದಿದ್ದರೆ ಎಲ್ಲರಿಗೂ ಕೊಡಬೇಕಾದದ್ದೇ. ಅದನ್ನು ಆಪತ್ತೆಂಬಂತೆ ಹೇಳುವುದೇಕೆ?

ಅಂಕವೇನೋ ಅಳತೆಯೆಂದು ಮೇಲೆ ಹೇಳಿದ್ದಾಯಿತು. ಆದರೆ ಅಳೆಯುವ ಕೋಲು ಎಂಥದು? 1912ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬವರು ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳ ಪ್ರತಿಗಳನ್ನು ಹಲವಾರು ಪ್ರೌಢಶಾಲೆಗಳಿಗೆ ಕಳುಹಿಸಿ ಅಲ್ಲಿನ ಅಧ್ಯಾಪಕರಿಂದ ಅಂಕ ಹಾಕಿಸಿದರು. 142 ಅಧ್ಯಾಪಕರಿಂದ ಉತ್ತರ ಬಂದಿತು. ಒಂದೇ ಉತ್ತರಪತ್ರಿಕೆಗೆ ನೂರಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. ಮತ್ತೊಂದಕ್ಕೆ 50ರಿಂದ 97ರವರೆಗೆ ಬಂದಿತ್ತು. ಸಾಹಿತ್ಯವಾದ್ದರಿಂದ ಹೀಗಾಯಿತು, ಗಣಿತದಲ್ಲಿ ಹೀಗಾಗುವುದಿಲ್ಲವೆಂದು ಕೆಲವರು ಆಕ್ಷೇಪಿಸಿದರು. ಮರುವರ್ಷ ಅವರು ರೇಖಾಗಣಿತದ ಉತ್ತರಪತ್ರಿಕೆಯೊಂದನ್ನು ಹಾಗೆಯೇ ಕಳುಹಿಸಿದರು. ಈ ಬಾರಿ ಅಂಕಗಳು 28ರಿಂದ 90ರ ಆಚೆಯವರೆಗೂ ಹರಡಿಕೊಂಡವು! ಬರವಣಿಗೆಯ ಅಂದಕ್ಕೆ ಅಂಕ ಕಳೆಯಬೇಕೇ ಬೇಡವೇ ಎಂಬುದರಲ್ಲಿಯೇ ಅಧ್ಯಾಪಕರಲ್ಲಿ ಒಮ್ಮತವಿರಲಿಲ್ಲ.

ಇನ್ನೊಂದು ಪ್ರಯೋಗ ನಡೆಸಿದವರಲ್ಲಿ ಒಬ್ಬರು ಭಾರತಕ್ಕೆ ಪರಿಚಿತರೇ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿದ್ದು, 1929ರಲ್ಲಿ ಭಾರತದ ಶಿಕ್ಷಣವನ್ನು ಕುರಿತು ವರದಿ ಮಾಡಿದ ಸಮಿತಿಗೆ ತಮ್ಮ ಹೆಸರನ್ನೇ ಬಿಟ್ಟುಹೋದ ಸರ್ ಫಿಲಿಪ್ ಹಾರ್ಟಾಗ್ ಅವರು ಇ. ಸಿ. ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರೊಡನೆ ಸೇರಿ 1935ರಲ್ಲಿ ಪರೀಕ್ಷೆಗಳನ್ನೇ ಪರೀಕ್ಷೆಗೆ ಒಡ್ಡಿದ ಒಂದು ಪುಸ್ತಕವನ್ನು ಪ್ರಕಟಿಸಿದರು. ಮೊದಲು ಒಂದೇ ಅಂಕ ಪಡೆದಿದ್ದ 15 ಇತಿಹಾಸದ ಉತ್ತರಪತ್ರಿಕೆಗಳನ್ನು ಅವರು ಅನುಭವಿಗಳಾದ ಪರೀಕ್ಷಕರ ಕೈಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವರಲ್ಲಿ 14 ಮಂದಿಗೆ ಅದೇ ಪತ್ರಿಕೆಗಳನ್ನು ಮತ್ತೆ ಕೊಡಲಾಯಿತು. ಒಟ್ಟು 210 ತೀರ್ಪುಗಳಲ್ಲಿ 92ರಲ್ಲಿ ಪರೀಕ್ಷಕರು ತಮ್ಮ ಮೊದಲಿನ ತೀರ್ಪನ್ನು ತಾವೇ ಬದಲಿಸಿದ್ದರು. ಅಂದು ತೇರ್ಗಡೆಯಾದದ್ದು ಇಂದು ನಪಾಸು. ಅಂದು ನಪಾಸಾದದ್ದು ಇಂದು ತೇರ್ಗಡೆ. ವಿದ್ಯಾರ್ಥಿ ಬದಲಾಗಿರಲಿಲ್ಲ, ಉತ್ತರ ಬದಲಾಗಿರಲಿಲ್ಲ. ಬಹುಶಃ ಪರೀಕ್ಷಕನು ಅಂದು ಊಟ ಮಾಡಿ ತಿದ್ದಿದ್ದ, ಇಂದು ಹಸಿದು ತಿದ್ದಿದ್ದ, ಅಷ್ಟೇ.

ಇದರಿಂದ ತಿಳಿಯುವುದೇನು? ತನಗೆ ಅನ್ಯಾಯವಾಗಿದೆಯೆಂದು ಹುಡುಗ ಹೇಳಿದಾಗ ಅದು ನಿಜವಾಗಿರುವ ಸಂಭವ ಸಣ್ಣದಲ್ಲ. ಹೇತು ಕೆಟ್ಟಿದೆಯೆಂದ ಮಾತ್ರಕ್ಕೆ ಪ್ರತಿಜ್ಞೆ ಸುಳ್ಳಾಗುವುದಿಲ್ಲ. ಭಾರತೀಯ ತಾರ್ಕಿಕರು ಚರ್ಚಿಸಿರುವ ಒಂದು ನಿದರ್ಶನವನ್ನು ಇಲ್ಲಿ ನೆನೆಯಬಹುದು. ಬೆಟ್ಟದ ಮೇಲೆ ಮಂಜು ಕವಿದಿದೆ. ಅದನ್ನು ಹೊಗೆಯೆಂದು ಭ್ರಮಿಸಿದವನೊಬ್ಬ ಅಲ್ಲಿ ಬೆಂಕಿಯಿದೆಯೆನ್ನುತ್ತಾನೆ. ಅವನ ಕಾರಣ ತಪ್ಪು. ಆದರೂ ಬೆಟ್ಟದ ಆ ಬದಿಯಲ್ಲಿ ದನಗಾಹಿಗಳು ನಿಜವಾಗಿಯೇ ಬೆಂಕಿ ಹಾಕಿಕೊಂಡಿರಬಹುದು. ನಿದ್ದೆಗೆಟ್ಟ ಕಥೆಯನ್ನೂ ತಂದೆಯ ಕಾಯಿಲೆಯನ್ನೂ ಮಂಜಿನಂತೆ ಹರಡಿ ನಿಲ್ಲುವ ವಿದ್ಯಾರ್ಥಿಯ ಹಿಂದೆ, ಯಾರೂ ತಿರುಗಿ ನೋಡದ ಏಳನೆಯ ಪುಟದಲ್ಲಿ, ಸರಿಯಾದ ಉತ್ತರವೊಂದು ಅಂಕವಿಲ್ಲದೆ ಉಳಿದಿರಬಹುದು. ಆಭಾಸದ ವಾದದಿಂದ ಹುಡುಗನಿಗೆ ಆಗುವ ದೊಡ್ಡ ನಷ್ಟ ಇದೇ. ಮಂಜನ್ನು ಮಂಜೆಂದು ಗುರುತಿಸಿದ ಅಧ್ಯಾಪಕನು ತೃಪ್ತನಾಗಿ ಕಡತ ಮುಚ್ಚುತ್ತಾನೆ. ಬೆಟ್ಟ ಹತ್ತಿ ನೋಡುವುದಿಲ್ಲ.

ನ್ಯಾಯಾಲಯಗಳಿಗೂ ಈ ಸಮಸ್ಯೆ ತಪ್ಪಲಿಲ್ಲ. ಉತ್ತರಪತ್ರಿಕೆಯನ್ನು ನೋಡಲೂ ಮರುಮೌಲ್ಯಮಾಪನ ಕೇಳಲೂ ಅವಕಾಶವಿಲ್ಲವೆಂಬ ಮಹಾರಾಷ್ಟ್ರದ ಪರೀಕ್ಷಾ ಮಂಡಲಿಯ ನಿಯಮವನ್ನು 1984ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಂದಿನ ವಿದ್ಯಾರ್ಥಿಗೆ ಬೇಡುವುದರ ಹೊರತು ಬೇರೆ ದಾರಿಯಿರಲಿಲ್ಲವೆನ್ನಬಹುದು. ತನ್ನ ಹೇತು ಬೀಗದೊಳಗಿದ್ದಾಗ ಮನುಷ್ಯ ಹೇತ್ವಾಭಾಸವನ್ನಲ್ಲದೆ ಏನನ್ನು ತಂದಾನು? 2005ರಲ್ಲಿ ಮಾಹಿತಿ ಹಕ್ಕಿನ ಶಾಸನ ಬಂದಿತು. 2011ರ ಆಗಸ್ಟಿನಲ್ಲಿ, ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ತಾನು ಬರೆದ ಉತ್ತರಪತ್ರಿಕೆಯನ್ನು ಮೌಲ್ಯಮಾಪನದ ಅನಂತರ ನೋಡುವ ಹಕ್ಕು ಆ ಶಾಸನದ ಪ್ರಕಾರ ಪರೀಕ್ಷಾರ್ಥಿಗೆ ಇದೆಯೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. ತಿದ್ದಿದವರ ಹೆಸರನ್ನು ಮಾತ್ರ ಮರೆಸಿಡಬೇಕು. ಮತ್ತೆ 2017ರ ಡಿಸೆಂಬರಿನಲ್ಲಿ, ಉತ್ತರ ಪ್ರದೇಶದ ಅಧ್ಯಾಪಕ ಹುದ್ದೆಗಳ ಪರೀಕ್ಷೆಯ ಬಗ್ಗೆ ಬಂದ ಮೊಕದ್ದಮೆಯಲ್ಲಿ, ಮರುಮೌಲ್ಯಮಾಪನಕ್ಕೆ ಆಜ್ಞೆ ಮಾಡುವ ವಿಷಯದಲ್ಲಿ ಸಹಾನುಭೂತಿಗಾಗಲಿ ಕರುಣೆಗಾಗಲಿ ಎಡೆಯಿಲ್ಲವೆಂದು ಅದು ಹೇಳಿತು. ನಿಯಮದಲ್ಲಿ ಅವಕಾಶವಿಲ್ಲದ ಕಡೆ ನ್ಯಾಯಾಲಯ ಕೈಹಾಕಬೇಕಾದರೆ, ತಪ್ಪು ಎದ್ದುಕಾಣುವಂತಿರಬೇಕು, ಉದ್ದನೆಯ ತರ್ಕದಿಂದ ಎಳೆದು ತೋರಿಸಬೇಕಾದದ್ದಾಗಿರಬಾರದು. ಅನುಮಾನ ಪ್ರಮಾಣಕ್ಕಿಂತ ಪ್ರತ್ಯಕ್ಷ ಪ್ರಮಾಣ ಮೇಲು ಎಂದು ನೈಯಾಯಿಕರ ಮಾತಿನಲ್ಲಿ ಹೇಳಬಹುದು.

ಪ್ರತ್ಯಕ್ಷ ಪ್ರಮಾಣ ಕೈಯಲ್ಲಿದ್ದಾಗ ಪಂಚಾವಯವ ವಾಕ್ಯವನ್ನು ಕಟ್ಟುವುದು ಕಷ್ಟವಲ್ಲ. ನಾಲ್ಕನೆಯ ಪ್ರಶ್ನೆಗೆ ಇನ್ನೂ ಮೂರು ಅಂಕ ಸಲ್ಲಬೇಕು—ಇದು ಪ್ರತಿಜ್ಞೆ. ಮಾದರಿ ಉತ್ತರದಲ್ಲಿ ಹೇಳಿರುವ ಮೂರು ಅಂಶಗಳೂ ಈ ಉತ್ತರದಲ್ಲಿವೆ—ಇದು ಹೇತು. ಯಾವ ಉತ್ತರದಲ್ಲಿ ಆ ಅಂಶಗಳಿವೆಯೋ ಅಲ್ಲೆಲ್ಲ ಒಂದೊಂದಕ್ಕೆ ಒಂದೊಂದು ಅಂಕ ಕೊಟ್ಟಿದೆ, ಇದೇ ಪತ್ರಿಕೆಯ ಎರಡನೆಯ ಪ್ರಶ್ನೆಯಲ್ಲಿ ಕೊಟ್ಟಿರುವಂತೆ—ಇದು ಉದಾಹರಣೆ. ಏಳನೆಯ ಪುಟದ ಮೇಲಿನಿಂದ ಆರನೆಯ ಸಾಲಿನಲ್ಲಿ ಅವು ಹಾಗೆಯೇ ಇವೆ—ಇದು ಉಪನಯ. ಆದ್ದರಿಂದ ಮೂರು ಅಂಕ ಸಲ್ಲಬೇಕು—ಇದು ನಿಗಮನ. ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಅಳಬೇಕಾಗಿಲ್ಲ, ಮಾವನ ಹೆಸರು ಬೇಕಾಗಿಲ್ಲ, ನಾಲ್ಕು ಗಂಟೆಯ ಬಸ್ಸೂ ತಪ್ಪುವುದಿಲ್ಲ. ಇದಕ್ಕೆ ಮೀಟಿಂಗಿನ ನೆವ ಹೇಳುವ ಅಧ್ಯಾಪಕನ ಸೋಲನ್ನು ಶಿಷ್ಯನೂ ಗುರುತಿಸಬಲ್ಲ. ಇಂಥ ವಾಕ್ಯವನ್ನು ಕಟ್ಟಬೇಕಾದರೆ ವಿದ್ಯಾರ್ಥಿ ಮೊದಲು ತನ್ನ ಉತ್ತರವನ್ನೂ ಮಾದರಿ ಉತ್ತರವನ್ನೂ ಪಕ್ಕದಲ್ಲಿಟ್ಟು ಓದಿ ನೋಡಬೇಕಾಗುತ್ತದೆ. ಹಾಗೆ ಓದಿ ನೋಡಿದವರಲ್ಲಿ ಕೆಲವರು ಅಧ್ಯಾಪಕರಲ್ಲಿಗೆ ಹೋಗದೆಯೇ ಹಿಂದಿರುಗುತ್ತಾರೆ.

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳು ಶುಲ್ಕ ಕಟ್ಟಿ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಂಡು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಫಲಿತಾಂಶದ ಮುಂದಿನ ವಾರಗಳಲ್ಲಿ ಇಂಥ ಅರ್ಜಿಗಳ ರಾಶಿಯೇ ಬೀಳುತ್ತದೆ. 2018ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬನಿಗೆ 625ಕ್ಕೆ 624 ಅಂಕ ಬಂದಿತ್ತು. ಬೇರೆಯವರ ಮನೆಯಲ್ಲಾಗಿದ್ದರೆ ಸಿಹಿ ಹಂಚಿ ಸುಮ್ಮನಾಗುತ್ತಿದ್ದರು. ಅವನು ವಿಜ್ಞಾನದಲ್ಲಿ ಹೋದ ಒಂದು ಅಂಕಕ್ಕಾಗಿ ಅರ್ಜಿ ಹಾಕಿದ. ಮರಳಿ ತಿದ್ದಿದಾಗ ಅವನ ಅಂಕ 625 ಆಯಿತು. ಉತ್ತರಪತ್ರಿಕೆಯಲ್ಲಿ ಮೊದಲು ಏನಿತ್ತೋ ಆಗಲೂ ಅದೇ ಇತ್ತು. ಒಂದಕ್ಷರವೂ ಹೊಸದಾಗಿ ಸೇರಿರಲಿಲ್ಲ.